ಮೊದಲ ಮಿಂಚು ಸುಳ್ಳು

ಬದುಕಿನ ಮೊದಲರ್ಧವನ್ನು ಬಚ್ಚಲಲ್ಲಿ ಕಳೆದವನು ಉಳಿದರ್ಧವನ್ನು ಬಚ್ಚಲಿನ ಸಾಮಾನುಗಳ ನಡುವೆ ಕಳೆಯಬೇಕಾಗಿ ಬಂದದ್ದರಲ್ಲಿ ಒಂದು ನ್ಯಾಯ ಇದ್ದೇ ಇದೆ ಎಂದು ಫೋಟೋಗ್ರಾಫರ್ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ರೀಲಿನ ಕಾಲದಲ್ಲಿ ಮನೆಯ ಬಚ್ಚಲೇ ಅವನ ಡಾರ್ಕ್‌ರೂಮು. ಕಿಟಕಿಗೆ ಕಪ್ಪು ರಟ್ಟು, ಬಕೆಟ್ಟಿನ ಪಕ್ಕದಲ್ಲಿ ಟ್ರೇಗಳು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಒದ್ದೆ ಮುಖಗಳು. ಅವನು ಒಳಗೆ ಸೇರಿ ಚಿಲಕ ಹಾಕಿಕೊಂಡರೆ ಮನೆಮಂದಿಯೆಲ್ಲ ಹೊರಗೆ ಕಾಲು ಬಿಗಿಹಿಡಿದು ಕಾಯಬೇಕು. ಈಗ ಹೆಂಡತಿಯ ತಮ್ಮ ತನ್ನ ನಲ್ಲಿ, ಶವರು, ಕಮೋಡುಗಳ ಅಂಗಡಿಗೆ ಇನ್ನೊಂದು ಶಾಖೆ ತೆರೆಯುತ್ತಿದ್ದ. ಕೌಂಟರಿನಲ್ಲಿ ಕೂರಲು ನಂಬಿಕಸ್ಥರು ಬೇಕಾಗಿದ್ದರು.

"ಭಾವ, ಕೂತ್ಕೊಂಡು ಮಾಡೋ ಕೆಲಸ. ನೆತ್ತಿ ಮೇಲೇ ಫ್ಯಾನು," ಎಂದಿದ್ದ ಭಾವಮೈದ. "ಇನ್ನೂ ಎಷ್ಟು ದಿನ ಅಂತ ಜನರ ಮುಂದೆ ಮೊಣಕಾಲೂರ್ತೀರ?"

"ಕಮೋಡಿನ ಮುಂದೆ ಊರೋದಕ್ಕಿಂತ ಜನರ ಮುಂದೇ ವಾಸಿ ಅಲ್ವೇನೋ?"

"ನೋಡಕ್ಕಾ, ಹೇಗ್ ಮಾತಾಡ್ತಾರೆ!"

"ಮಾತಿಗೇನು ಬರ ಇಲ್ಲ ಅವರಿಗೆ," ಎಂದಳು ಹೆಂಡತಿ, ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ. ಯಾರದೋ ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡುತ್ತಿದ್ದಳು. "ಬರ್ತಾರೆ ಬಿಡು. ಭಾನುವಾರದಿಂದ ಕೂರ್ತಾರೆ."

ಅವನು ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವುದಕ್ಕೂ ಒಂದಿಷ್ಟು ಕಸುವು ಬೇಕಾಗುತ್ತದೆ. ಕ್ಯಾಮೆರಾವನ್ನು ಮನೆಯ ಕೆಳಗಿನ ಮೊಬೈಲ್ ರಿಪೇರಿಯವನಿಗೆ ಮಾರುವುದೆಂದೂ ಮಾತಾಗಿತ್ತು. ಅದೂ ಭಾನುವಾರವೇ. ಉಳಿದದ್ದು ಒಂದೇ ಕೆಲಸ. ಶುಕ್ರವಾರ ಬಸ್ ಡಿಪೋಗೆ ಹೋಗಿ ಅಲ್ಲಿನವರಿಗೆಲ್ಲ ಹೊಸ ಗುರುತಿನ ಚೀಟಿಗೆ ಫೋಟೋ ತೆಗೆದುಕೊಡುವುದು. ಮುಖ, ಬಿಳಿ ಪರದೆ, ಮುಖ, ಬಿಳಿ ಪರದೆ. ಒಂದು ಕಸುಬಿಗೆ ಬಾಗಿಲು ಹಾಕಲು ಇದಕ್ಕಿಂತ ಸಪ್ಪೆಯಾದ ಕೆಲಸ ಹುಡುಕಿದರೂ ಸಿಗುತ್ತಿರಲಿಲ್ಲ.

ರೀಲು ಹೋಯಿತೆಂದು ಎದೆ ಬಡಿದುಕೊಂಡವರ ಪೈಕಿ ಅವನಲ್ಲ. ಅಂಥವರನ್ನು ಕಂಡರೆ ಅವನಿಗೆ ನಗು. ರೀಲು ತೊಳೆಯುವ ರಾಸಾಯನಿಕದಲ್ಲಿ ಬೆರಳ ತುದಿ ಸುಲಿಸಿಕೊಂಡವರಿಗೆ ಅದರ ರುಚಿ ಗೊತ್ತು. ಬೀದಿಯಲ್ಲಿ ಮೊದಲು ಡಿಜಿಟಲ್ ಕೊಂಡವನೇ ಅವನು. ಅವನನ್ನು ಸುಸ್ತು ಮಾಡಿದ್ದು ಕ್ಯಾಮೆರಾ ಅಲ್ಲ, ಅದರ ಬೆನ್ನಿಗೆ ಅಂಟಿಸಿದ್ದ ಆ ಪುಟ್ಟ ಪರದೆ. ಕ್ಲಿಕ್ ಎಂದ ಮರುಗಳಿಗೆ ಕೂತವರು ಎದ್ದು ಬಂದು ಅವನ ಭುಜದ ಮೇಲೆ ಗಲ್ಲ ಊರುತ್ತಿದ್ದರು. "ತೋರ್ಸಿ." ತೋರಿಸಿದರೆ "ಇದು ಬೇಡ, ಅಳಿಸಿ." ಅಳಿಸಿದರೆ "ಇನ್ನೊಂದು." ವರ್ಷಗಟ್ಟಲೆ ಹೀಗೇ ನಡೆದು, ಜನ ಪರದೆಗಾಗಿ ಮುಖ ಮಾಡುವುದನ್ನು ಕಲಿತರು, ಅವನು ಮುಖ ಬಿಟ್ಟು ಪರದೆ ನೋಡುವುದನ್ನು ಕಲಿತ. ಕೊನೆಗೆ ಅವನಲ್ಲಿ ಉಳಿದದ್ದು ಒಂದು ಬೆರಳು, ಅದಕ್ಕೆ ಅಂಟಿಕೊಂಡ ಒಂದು ಸೊಂಟನೋವು.

ಪರದೆ ನುಂಗಿದ್ದರಲ್ಲಿ ಒಂದು ವಿದ್ಯೆಯೂ ಇತ್ತು. ಅದನ್ನು ಕಲಿಸಿದವರು ಅವನು ಮೊದಲು ಕೆಲಸಕ್ಕಿದ್ದ ಸ್ಟುಡಿಯೋದ ಯಜಮಾನರು. ಈಗ ಅವರಿಲ್ಲ. ಫ್ಲಾಶಿನ ಪೆಟ್ಟಿಗೆಯ ಹಿಂಬದಿಯಲ್ಲಿ ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಮಾತ್ರ ಮಿಂಚುತ್ತದೆ, ಫೋಟೋ ಬೀಳುವುದಿಲ್ಲ. ಗಿರಾಕಿ ಎದೆಯುಬ್ಬಿಸಿ, ದವಡೆ ಬಿಗಿದು, ಯಾರದೋ ಮುಖ ಹೊತ್ತು ಕೂತಿರುತ್ತಾನಲ್ಲ, ಆಗ ಈ ಸುಳ್ಳು ಮಿಂಚು ಹೊಡೆದು "ಆಯ್ತು" ಅನ್ನಬೇಕು. ಆಯ್ತು ಎಂದೊಡನೆ ಗಿರಾಕಿ ಉಸಿರು ಬಿಡುತ್ತಾನೆ. ಭುಜ ಇಳಿಯುತ್ತದೆ. ಫ್ಲಾಶು ಕುಯ್ ಎಂದು ಮತ್ತೆ ಬೆಳಕು ತುಂಬಿಕೊಳ್ಳುವಷ್ಟರಲ್ಲಿ ಅವನ ಸ್ವಂತ ಮುಖ ಮನೆಗೆ ವಾಪಸ್ಸು ಬಂದಿರುತ್ತದೆ. ಆಗ ಒತ್ತಬೇಕು. "ಮೊದಲ್ನೇದು ಅವರ ಸಮಾಧಾನಕ್ಕಪ್ಪ, ಎರಡನೇದು ನಮ್ಮದಕ್ಕೆ," ಎನ್ನುತ್ತಿದ್ದರು ಯಜಮಾನರು. ಗಿರಾಕಿಗಳು ಎರಡು ಫೋಟೋ ತೆಗೆದರೆಂದು ಖುಷಿಯಾಗಿ ಹೋಗುತ್ತಿದ್ದರು.

ಡಿಜಿಟಲ್ ಬಂದಮೇಲೆ ಒಂದು ಮದುವೆಯಲ್ಲಿ ಗಂಡಿನ ಅಪ್ಪ ಮೊದಲ ಮಿಂಚಿಗೇ ಎದ್ದು ಬಂದು ಪರದೆಗೆ ಕಣ್ಣಿಟ್ಟ. ಅಲ್ಲಿ ಅವನ ಫೋಟೋ ಇರಲಿಲ್ಲ, ಅದಕ್ಕೂ ಹಿಂದಿನ ಯಾವುದೋ ಅಡುಗೆಮನೆಯ ಗುಂಪಿತ್ತು. "ಖಾಲಿ ಲೈಟ್ ಹೊಡೆದು ನಮಗೇ ಟೋಪಿ ಹಾಕ್ತೀರಾ?" ಎಂದು ನಾಲ್ಕು ಜನರ ಮುಂದೆ ಕೂಗಾಡಿದ. ಅಂದಿಗೆ ಆ ವಿದ್ಯೆ ಮುಗಿಯಿತು.

ಅದಕ್ಕೂ ಮೊದಲೇ ಆ ವಿದ್ಯೆ ಸೋತದ್ದು ಹೆಂಡತಿಯ ಮುಂದೆ. ಮದುವೆಯಾದ ಹೊಸತರಲ್ಲಿ ಬಚ್ಚಲಲ್ಲಿ ಅವನ ಬೆನ್ನ ಹಿಂದೆ ನಿಂತು ಚಿತ್ರಗಳು ಮೂಡುವುದನ್ನು ನೋಡುತ್ತಿದ್ದವಳಿಗೆ ಅವನ ಗುಟ್ಟೆಲ್ಲ ಗೊತ್ತು. ಮೊದಲ ಮಿಂಚಿಗೆ ಕಲ್ಲಿನ ಬೊಂಬೆಯಂತೆ ಕೂರುವಳು. ಎರಡನೆಯದು ನಿಜದ್ದೆಂದು ಗೊತ್ತಿದ್ದ ಕಾರಣಕ್ಕೇ ಹೆದರಿ, ಸರಿಯಾಗಿ ಆ ಗಳಿಗೆಗೇ ಕಣ್ಣು ಮುಚ್ಚುವಳು. ಅವನು ಮೂರನೆಯದನ್ನು ನಿಜ ಮಾಡಿದ. ಅವಳು ಮೂರನೆಯದಕ್ಕೆ ಮುಚ್ಚಿದಳು. ಹೀಗಾಗಿ ಮನೆಯ ಆಲ್ಬಮ್ಮುಗಳ ತುಂಬ ಅವಳು ನಿಂತು, ಕೂತು, ಮಗುವನ್ನೆತ್ತಿಕೊಂಡು ನಿದ್ದೆ ಮಾಡುತ್ತಿದ್ದಳು. ಫೋಟೋಗ್ರಾಫರನ ಹೆಂಡತಿ ಕಣ್ಣು ಬಿಟ್ಟಿದ್ದ ಒಂದೇ ಒಂದು ಫೋಟೋ ಅವಳ ಸರ್ಕಾರಿ ಗುರುತಿನ ಚೀಟಿಯಲ್ಲಿತ್ತು. ಅದನ್ನು ತೆಗೆದವನು ಆಕಳಿಸುತ್ತಿದ್ದ ಒಬ್ಬ ಗುಮಾಸ್ತ.

ಶುಕ್ರವಾರ ಬೆಳಿಗ್ಗೆ ಡಿಪೋದ ಸಾಮಾನಿನ ಕೋಣೆಯಲ್ಲಿ ಟಯರುಗಳ ಅಟ್ಟಣೆಗೆ ಬಿಳಿ ಬಟ್ಟೆ ಕಟ್ಟಿ, ಮುಂದೆ ಒಂದು ಸ್ಟೂಲು ಹಾಕಿದ. ರಬ್ಬರಿನ ವಾಸನೆ ಮೂಗಿಗೆ ಅಂಟುತ್ತಿತ್ತು. ಹೊರಗೆ ಬಸ್ಸೊಂದು ಸ್ಟಾರ್ಟಾಗಲೊಲ್ಲದೆ ಕೆಮ್ಮುತ್ತಿತ್ತು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಕಾನೂನು ಓದಿದ: "ನಗೋದು ಬೇಡ. ಟೋಪಿ ಬೇಡ. ಎರಡೂ ಕಿವಿ ಕಾಣ್ಬೇಕು. ಟ್ರಿಪ್ ನಡುವೆ ಒಬ್ಬೊಬ್ಬರೇ ಬರ್ತಾರೆ. ಇವತ್ತು ಮುಗೀಬೇಕು. ನಿಮ್ಮ ಫೋಟೋಗೋಸ್ಕರ ನಾಳೆ ಇನ್ನೊಂದ್ಸಲ ಬಸ್ ನಿಲ್ಸೋಕಾಗಲ್ಲ."

"ಸರಿ ಸಾರ್."

"ನಾಳೆ ಸಂಜೆ ಪ್ರಿಂಟು ನನ್ನ ಟೇಬಲ್ ಮೇಲಿರ್ಬೇಕು."

"ಸರಿ ಸಾರ್."

ಮೊದಲ ಗಂಟೆ ಎಂದಿನಂತೆ ಕಳೆಯಿತು. ಕ್ಲಿಕ್, ತೋರ್ಸಿ, ಅಳಿಸಿ. ಒಬ್ಬನಿಗೆ ಕೆನ್ನೆ ಊದಿದೆ, ಇನ್ನೊಬ್ಬನಿಗೆ ತಲೆಗೂದಲು ಕಮ್ಮಿ ಬಂದಿದೆ, ಕಮ್ಮಿ ಇದ್ದದ್ದಕ್ಕೂ ಕ್ಯಾಮೆರಾದ್ದೇ ತಪ್ಪು. ಆಮೇಲೆ ಒಬ್ಬ ಕಂಡಕ್ಟರಮ್ಮ ಬಂದಳು. ಹೆಗಲಿಗೆ ಚರ್ಮದ ಚೀಲ, ಬಾಯಿಗೆ ಬೀಗವಿಲ್ಲ.

"ಅಯ್ಯೋ, ಇದ್ಯಾರಿದು? ನಮ್ಮತ್ತೆ ಬಂದು ಕೂತ ಹಾಗಿದೆ. ಅಳಿಸಿ."

ಅಳಿಸಿದ. ಇನ್ನೊಂದು ತೆಗೆದ.

"ಇದರಲ್ಲೂ ಅತ್ತೆ ಇದ್ದಾರೆ."

"ಅತ್ತೆ ಹೋಗೋವರೆಗೂ ತೆಗೀರಿ ಸಾರ್," ಎಂದ ಹಿಂದೆ ಕಾಯುತ್ತಿದ್ದ ಡ್ರೈವರ್. "ನಮ್ಮ ಟ್ರಿಪ್ಪು ಹೋದ್ರೆ ಹೋಗ್ಲಿ."

"ನೀನು ಸುಮ್ನಿರೋ. ಎಲ್ಲಿ, ಕೊಡಿ ಇಲ್ಲಿ, ಹಿಂದಿನದು ಅಳಿಸಿದ್ರೋ ಇಲ್ವೋ ನಾನೇ ನೋಡ್ತೀನಿ," ಎನ್ನುತ್ತ ಅವಳು ಕ್ಯಾಮೆರಾದ ಪಟ್ಟಿ ಹಿಡಿದೆಳೆದಳು. ಡ್ರೈವರೂ ಕುತ್ತಿಗೆ ಚಾಚಿ ಕೈ ಹಾಕಿದ. ಮೂವರ ಕೈಯಲ್ಲಿದ್ದದ್ದು ಯಾರ ಕೈಯಲ್ಲೂ ಇಲ್ಲದಂತಾಗಿ, ಕ್ಯಾಮೆರಾ ಸಿಮೆಂಟಿನ ನೆಲಕ್ಕೆ ಅಂಗಾತ ಬಿತ್ತು.

ಹೊರಗಿನ ಬಸ್ಸೂ ಕೆಮ್ಮು ನಿಲ್ಲಿಸಿದಂತಿತ್ತು.

"ಹೋಯ್ತಾ?" ಎಂದಳು ಕಂಡಕ್ಟರಮ್ಮ, ಯಾರೋ ಸತ್ತ ಮನೆಯಲ್ಲಿ ಕೇಳುವ ದನಿಯಲ್ಲಿ.

ಅವನು ಎತ್ತಿಕೊಂಡು ಕಣ್ಣಿಗಿಟ್ಟ. ಕಿಂಡಿಯಲ್ಲಿ ಅವಳ ಗಾಬರಿ ಮುಖ ಸ್ಪಷ್ಟವಾಗಿಯೇ ಇತ್ತು. ಒತ್ತಿದ, ಕ್ಲಿಕ್ ಎಂದಿತು. ತಿರುಗಿಸಿ ನೋಡಿದ. ಪರದೆ ಮಾತ್ರ ಹಲಗೆಯಂತೆ ಕಪ್ಪಗಿತ್ತು. "ನೋಡುತ್ತೆ," ಎಂದ. "ತೋರಿಸಲ್ಲ."

ಮ್ಯಾನೇಜರ್ ಬಂದ. ಬಿದ್ದ ಕ್ಯಾಮೆರಾಕ್ಕಿಂತ ಗಡಿಯಾರವನ್ನು ಹೆಚ್ಚು ನೋಡಿದ. ಇನ್ನೊಂದು ಕ್ಯಾಮೆರಾ ಇರಲಿಲ್ಲ. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡನ್ನು ಆಫೀಸಿನ ಕಂಪ್ಯೂಟರಿಗೆ ತೂರಿಸಿ ನೋಡೋಣವೆಂದರೆ ಅದಕ್ಕೆ ಕಾರ್ಡು ಹಿಡಿಯುವ ತೂತೇ ಇರಲಿಲ್ಲ. "ಕ್ಲಿಕ್ ಅನ್ನುತ್ತೆ ತಾನೆ? ಹಾಗಾದ್ರೆ ನಡೀಲಿ," ಎಂದು ಹೊರಟುಹೋದ.

"ಹಾಗಾದ್ರೆ ಚೆನ್ನಾಗ್ ಬಂದಿದ್ಯೋ ಇಲ್ವೋ ಹೇಗೆ ಗೊತ್ತಾಗೋದು?" ಕಂಡಕ್ಟರಮ್ಮ ಕೇಳಿದಳು.

"ನಾಳೆ ಗೊತ್ತಾಗುತ್ತೆ."

"ನಾಳೇನಾ!" ಅವಳ ದನಿಯಲ್ಲಿ ಮುಂದಿನ ಜನ್ಮ ಎಂಬಷ್ಟು ದೂರವಿತ್ತು.

ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೂ ಅಚ್ಚರಿ. ಎಷ್ಟು ಕಾಲವಾಗಿತ್ತು ಯಾರಿಗಾದರೂ ನಾಳೆ ಅಂದು! ಅವಳು ತಪ್ಪಿತಸ್ಥಳಂತೆ ಸ್ಟೂಲಿನ ಮೇಲೆ ಕೂತು, ಅತ್ತೆಯನ್ನು ಓಡಿಸಲು ಗಲ್ಲ ಎತ್ತಿ, ಕಣ್ಣು ಅಗಲಿಸಿದಳು. ಅವನ ಹೆಬ್ಬೆರಳು, ಅವನನ್ನು ಒಂದು ಮಾತೂ ಕೇಳದೆ, ಫ್ಲಾಶಿನ ಹಿಂದಿನ ಪುಟ್ಟ ಗುಂಡಿಗೆ ಹೋಯಿತು. ಮಿಂಚಿತು.

"ಆಯ್ತು."

"ಆಯ್ತಾ? ಅಷ್ಟೇನಾ?" ನೋಡಲು ಪರದೆಯಿಲ್ಲ, ಎದ್ದು ಬರಲು ಕಾರಣವೂ ಇಲ್ಲ. ಅವಳು ಹಾಗೇ ಕೂತು ಉಸಿರು ಬಿಟ್ಟಳು. ಒಂದು ಚಪ್ಪಲಿಯಿಂದ ಹಿಮ್ಮಡಿ ಹೊರಗೆಳೆದಳು. ಚೀಲದ ಪಟ್ಟಿ ಕೂತು ಕೂತು ತಗ್ಗಾದ ಭುಜವನ್ನು ಬೆರಳಿಂದ ಒತ್ತಿಕೊಂಡು ಕೈ ಇಳಿಸಿದಳು. ಫ್ಲಾಶು ಕುಯ್ ಎಂದು ಕೊನೆಯ ಸ್ವರ ಮುಟ್ಟಿತು. ಒತ್ತಿದ.

"ಇದ್ಯಾಕೆ ಇನ್ನೊಂದು?"

"ಇರಲಿ ಅಂತ."

ಆಮೇಲೆ ಸಂಜೆಯವರೆಗೂ ಹಾಗೇ. ಪರದೆಯ ಅಭ್ಯಾಸವಾದ ಕಣ್ಣಿಗೆ ಬೆಳಕಿನ ಅಂದಾಜು ತಪ್ಪಿಹೋಗಿತ್ತು. ಬಾಗಿಲಿನಿಂದ ಬರುವ ಬಿಸಿಲು ಬಸ್ಸೊಂದು ಅಡ್ಡ ನಿಂತಾಗ ಎಷ್ಟು ಕಮ್ಮಿಯಾಯಿತೆಂದು ತನ್ನ ಅಂಗೈ ಚಾಚಿ ನೋಡಿಕೊಂಡ. ಹಾಗೆ ಅಂಗೈ ನೋಡಿಕೊಂಡೂ ಎಷ್ಟೋ ವರ್ಷವಾಗಿತ್ತು. ಗ್ರೀಸು ಮೆತ್ತಿದ ಮೆಕ್ಯಾನಿಕ್ಕು ಸುಳ್ಳು ಮಿಂಚಾದ ಕೂಡಲೇ ಬಾಗಿಲ ಕಡೆ ತಿರುಗಿದ. ಅರ್ಧ ಬಿಚ್ಚಿದ ಇಂಜಿನ್ನು ಅವನ ಮುಖದಲ್ಲೇ ಕಾಣುತ್ತಿತ್ತು. ನಸುಕಿನಿಂದ ಸ್ಟೇರಿಂಗ್ ಹಿಡಿದಿದ್ದ ಒಬ್ಬ ಡ್ರೈವರು ಎರಡು ಮಿಂಚುಗಳ ನಡುವೆ ನಿದ್ದೆಯೇ ಹೋಗಿಬಿಟ್ಟ, ಎರಡನೆಯದಕ್ಕೆ ಎಚ್ಚೆತ್ತು "ಸ್ಟಾಪ್ ಬಂತಾ?" ಎಂದ. ಕೊನೆಗೆ ಮ್ಯಾನೇಜರೂ ಕೂತ. ಆಯ್ತು ಅಂದಮೇಲೂ ಅವನ ದವಡೆ ಸಡಿಲಲಿಲ್ಲ. ಕೆಲವರು ಮನೆಯಲ್ಲೂ ಆಫೀಸಿನ ಮುಖದಲ್ಲೇ ಮಲಗುತ್ತಾರೆ.

ಎಲ್ಲರಿಗೂ ದಣಿವಾಗಿತ್ತು. ತನ್ನೊಬ್ಬನದೇ ಖಾಸಗಿ ಆಸ್ತಿ ಎಂದು ಅವನು ಇಷ್ಟು ದಿನ ಹೊತ್ತು ತಿರುಗಿದ ದಣಿವು ಒಬ್ಬೊಬ್ಬರ ಮುಖದಲ್ಲೂ ಬಂದು ಕೂತು, ಎದ್ದು, ಕೆಲಸಕ್ಕೆ ವಾಪಸ್ಸು ಹೋಗುತ್ತಿತ್ತು.

ಬಸ್ಸಿನಲ್ಲಿ ಮನೆಗೆ ಬರುವಾಗ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಕೈ ತಾನಾಗಿ ಅಲ್ಲಿಗೆ ಹೋಗಿ ಮುಟ್ಟಿ ಬರುತ್ತಿತ್ತು. ಬಿದ್ದ ಏಟಿಗೆ ಫೋಕಸ್ ಹೋಗಿದ್ದರೆ? ಎಲ್ಲವೂ ಕಪ್ಪಾಗಿದ್ದರೆ? ಆ ಮ್ಯಾನೇಜರಿಗೆ ಏನು ಹೇಳುವುದು? ರೀಲು ಹಿಡಿದು ಬಚ್ಚಲಿಗೆ ಹೋಗುವ ಮುಂಚೆ ಪ್ರತಿ ಸಲ ಕಾಡುತ್ತಿದ್ದದ್ದೂ ಇದೇ. ಏನು ಬಂದಿದೆಯೋ ಗೊತ್ತಿಲ್ಲ ಎಂಬ ಆ ಹಾಳು ಸಂಕಟಕ್ಕಾಗಿಯೇ ತಾನು ಈ ಕಸುಬು ಹಿಡಿದಿದ್ದೆನೆಂಬುದು ಅವನಿಗೆ ಮರೆತೇ ಹೋಗಿತ್ತು. ನೆನಪಾಗುವಷ್ಟರಲ್ಲಿ ಅವನ ಸ್ಟಾಪು ದಾಟಿ ಬಸ್ಸು ಮುಂದಕ್ಕೆ ಹೋಗಿತ್ತು. ಊರಿ ಊರಿ ಊದಿದ ಮೊಣಕಾಲಿನಲ್ಲಿ ಅಷ್ಟು ದೂರ ನಡೆದು ವಾಪಸ್ಸು ಬಂದ.

ಹೆಂಡತಿ ಕ್ಯಾಮೆರಾ ತಿರುಗಿಸಿ ನೋಡಿದಳು. "ಬಿತ್ತಾ, ಬೀಳಿಸಿದ್ರಾ?"

"ಬಿತ್ತು ಮಾರಾಯ್ತಿ."

"ಭಾನುವಾರ ಕೊಡೋದು, ಶುಕ್ರವಾರ ಬೀಳೋದು. ಅದಕ್ಕೂ ಕ್ಯಾಲೆಂಡರ್ ಓದೋಕೆ ಬರುತ್ತೆ ಅನ್ನಿ."

ಕಾರ್ಡು ಹಾಕಿದ ಮನೆಯ ಕಂಪ್ಯೂಟರು ಅವನ ವಯಸ್ಸಿನದೇ ಇರಬೇಕೆಂಬಷ್ಟು ನಿಧಾನ. ಅವನು ಕೂತಿದ್ದ ರೀತಿಯಲ್ಲಿ ಏನೋ ಸುಳಿವು ಸಿಕ್ಕಿತೇನೋ, ಬೈಯುತ್ತ ಒಳಗೆ ಹೋದವಳು ಕೈ ಒರೆಸಿಕೊಳ್ಳುತ್ತ ಬಂದು ಬೆನ್ನ ಹಿಂದೆ ನಿಂತಳು. ಹಾಗೆ ನಿಂತದ್ದು ಬಚ್ಚಲಿನ ಕಾಲದಲ್ಲಿ. ಮೊದಲು ಬಂದವು ಬೆಳಗಿನವು. ಎಲ್ಲರೂ ಚೆನ್ನಾಗಿದ್ದರು, ಯಾರೂ ಇರಲಿಲ್ಲ. ಆಮೇಲೆ ಒಂದು ಮಸಿಯಂತೆ ಕಪ್ಪು, ಬೀಳುವಾಗ ತಾನೇ ಒತ್ತಿಕೊಂಡದ್ದಿರಬೇಕು. ಒಂದರಲ್ಲಿ ಕಂಡಕ್ಟರಮ್ಮನ ಗಾಬರಿ. ಅದರ ಮುಂದಿನದು ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಂಡಿತು.

"ಯಾರಿವಳು?"

"ಕಂಡಕ್ಟರು."

"ಕಾಲು ನೋಯ್ತಿದೆ ಇವಳಿಗೆ."

"ಕಾಲೆಲ್ಲಿ ಕಾಣುತ್ತೆ ಇದರಲ್ಲಿ?"

"ಮುಖ ಕಾಣುತ್ತಲ್ಲ." ಇನ್ನಷ್ಟು ಬಾಗಿ ನೋಡಿ, "ಎರಡು ಸಲ ಹೊಡೆದ್ರಾ?" ಎಂದಳು.

"ಹೂಂ."

ಅವಳು ಅಲ್ಲಿಂದ ಕದಲಲಿಲ್ಲ. ಮೆಕ್ಯಾನಿಕ್ಕು ಬಂದ, ನಿದ್ದೆಯ ಡ್ರೈವರು ಬಂದ. ಒಂದೆರಡರಲ್ಲಿ ಕಿವಿ ಕತ್ತಲಲ್ಲಿ ಕರಗಿತ್ತು. ಅದನ್ನು ಸ್ವಲ್ಪ ಬೆಳಗಿಸಿಕೊಳ್ಳಬಹುದು. ಕೊನೆಯ ಮುಖ ಬರುವವರೆಗೆ ಇಬ್ಬರೂ ಹಾಗೇ ಇದ್ದರು. ಬಚ್ಚಲಲ್ಲಿ ನಲ್ಲಿಗಿಟ್ಟ ಬಕೆಟ್ಟು ತುಂಬಿ ಹರಿಯುತ್ತಿದ್ದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಮರುದಿನ ಮ್ಯಾನೇಜರ್ ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ ಹುಬ್ಬು ಗಂಟು ಹಾಕಿದ. "ಕಿವಿ ಎಲ್ಲಾ ಇದೆ, ಸರಿ. ಎಲ್ಲರೂ ಯಾಕ್ರೀ ಸುಸ್ತಾದೋರ ಥರ ಕಾಣ್ತಾರೆ?"

"ಸುಸ್ತಾಗಿದ್ದಾರೆ ಸಾರ್."

ಮ್ಯಾನೇಜರ್ ತನ್ನದನ್ನು ಹುಡುಕಿ, ಅದೊಂದರಲ್ಲಿ ಯಾರೂ ಸುಸ್ತಾಗಿಲ್ಲದ್ದನ್ನು ಕಂಡು ತೃಪ್ತನಾಗಿ ಒಪ್ಪಿಕೊಂಡ. ಹೊರಗೆ ಕಂಡಕ್ಟರಮ್ಮ ಕಾದಿದ್ದಳು. ತನ್ನ ಫೋಟೋವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ನಮ್ಮತ್ತೆ ಥರಾನೇ ಇದೀನಿ," ಎಂದಳು. ಅಳಿಸಿ ಎನ್ನುತ್ತಾಳೆಂದು ಅವನು ಕಾದ. "ಇದರದ್ದೇ ಒಂದು ದೊಡ್ಡದು ಮಾಡಿಕೊಡ್ತೀರಾ? ಮನೇಲಿ ತೋರಿಸ್ಬೇಕು. ದಿನಾ ಎಲ್ಲಿ ತಿರುಗಾಡ್ಕೊಂಡು ಬರ್ತೀಯ ಅಂತಾರೆ."

ಭಾನುವಾರ ಮೊಬೈಲ್ ರಿಪೇರಿಯವನು ಮಾತಿಗೆ ತಪ್ಪದೆ ಮೇಲೆ ಬಂದ. ಹೊಲಿಗೆ ಮೆಷಿನ್ನಿನ ಮೇಲೆಯೇ ಕ್ಯಾಮೆರಾ ಬಿಚ್ಚಿಟ್ಟು ಕೂತ. ಭಾವಮೈದನ ಫೋನು ಆಗಲೇ ಒಮ್ಮೆ ಬಂದು ಹೋಗಿತ್ತು: ಅಂಗಡಿ ತೆರೆದಾಯಿತು, ಭಾವ ಎಲ್ಲಿ?

"ಏನೂ ಆಗಿಲ್ಲ ಸಾರ್. ಒಳಗೆ ಪರದೆಗೆ ಹೋಗೋ ತಂತಿ ಕಳಚಿತ್ತು, ಅಷ್ಟೆ." ಒತ್ತಿ ಕೂರಿಸಿದ. ಪರದೆ ಜಗ್ಗನೆ ಹೊತ್ತಿಕೊಂಡಿತು. ಫೋಟೋಗ್ರಾಫರನ ಮುಖ ಆರಿತು. ಭುಜದ ಮೇಲೆ ಮತ್ತೆ ಆ ಹಳೆಯ ಭಾರ, ಯಾರೋ ಗಲ್ಲ ಊರಿದಂತೆ.

"ಅದು ಹಾಗೇ ಕಪ್ಪಗಿದ್ದಿದ್ರೆ ಚೆನ್ನಾಗಿತ್ತು," ಎಂದ.

"ಬೇಡ ಅಂದ್ರೆ ಆಫ್ ಮಾಡೋದು ಸಾರ್. ಇಲ್ಲಿ ನೋಡಿ." ರಿಪೇರಿಯವನ ಬೆರಳು ಎರಡು ಕಡೆ ಒತ್ತಿತು. ಪರದೆ ಕಪ್ಪಾಯಿತು. "ಇನ್ನು ಕ್ಲಿಕ್ ಮಾಡಿದ್ರೂ ತೋರಿಸಲ್ಲ."

"ಇದು ಯಾವಾಗಿಂದ ಇತ್ತು?"

"ಯಾವಾಗಿಂದ ಅಂದ್ರೆ? ಕ್ಯಾಮೆರಾ ಹುಟ್ಟಿದಾಗಿಂದ."

ಅವನು ಕಪ್ಪು ಪರದೆಯನ್ನು ನೋಡುತ್ತ ಕೂತ. ಅದರಲ್ಲಿ ಕಂಡದ್ದು ಅವನದೇ ಮುಖ, ಅದೂ ಅಷ್ಟೇನೂ ಜಾಣನಂತೆ ಕಾಣಲಿಲ್ಲ. ಇಷ್ಟೂ ವರ್ಷ ಹೊತ್ತ ಸಂಕಟಕ್ಕೆ ಒಂದು ಸ್ವಿಚ್ಚಿತ್ತು! ನಗುವುದಕ್ಕೂ ಸುಸ್ತಾಗಿ ಕ್ಯಾಮೆರಾ ಎತ್ತಿಕೊಂಡ.

"ಅಲ್ಲಿ ನಿಂತ್ಕೋ," ಎಂದ ಹೆಂಡತಿಗೆ. "ಕಿಟಕಿ ಹತ್ತಿರ."

"ಈಗೇನು ಇದು? ತಮ್ಮ ಕಾಯ್ತಿದಾನೆ." ಆದರೂ ನಿಂತಳು, ಕಲ್ಲಿನ ಬೊಂಬೆಯಾಗಿ. ಅವನು ಪುಟ್ಟ ಗುಂಡಿ ಒತ್ತಿದ. ಮಿಂಚಿತು. ಅವಳು ಎರಡನೆಯದಕ್ಕೆ ಸಿದ್ಧಳಾಗಿ ಕಣ್ಣು ಗಟ್ಟಿ ಮುಚ್ಚಿದಳು. ಅವನು ಫ್ಲಾಶನ್ನು ಆರಿಸಿ, ಸುಮ್ಮನೆ ಕಿಂಡಿಗೆ ಕಣ್ಣಿಟ್ಟು ನಿಂತ.

"ಹೊಡೀರಿ."

ಅವನು ಹೊಡೆಯಲಿಲ್ಲ.

"ಹೊಡೀರಿ ಅಂದೆ!"

ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವಳು ಕಣ್ಣು ಬಿಟ್ಟಳು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲಿತ್ತು, ಮೂಗಿನ ಮೇಲೆ ಕನ್ನಡಕ ಕೂತ ಗುರುತು, ರವಿಕೆಯ ಕೊರಳಲ್ಲಿ ಸಿಕ್ಕಿಸಿ ಮರೆತ ಸೂಜಿ. "ಏನಂತ ಹೇಳ್ಲಿ ಅವನಿಗೆ?" ಎಂದು ಅವನತ್ತ ನೋಡಿದಳು. ಅದರಲ್ಲಿ ಸಿಟ್ಟಿತ್ತೋ, ಆಯಾಸವಿತ್ತೋ, ಉತ್ತರ ಗೊತ್ತಿದ್ದೂ ಕೇಳುವವರ ಸಣ್ಣ ತುಂಟತನವಿತ್ತೋ, ವಿಂಗಡಿಸಲು ಅವನು ನಿಲ್ಲಲಿಲ್ಲ. ಒತ್ತಿದ. ಮಿಂಚಿಲ್ಲದ ಕ್ಲಿಕ್ಕನ್ನು ಫೋನಿನ ಗದ್ದಲ ಮುಚ್ಚಿಹಾಕಿತು.

"ಬರಲ್ಲ ಅಂತ ಹೇಳು."

"ಹಾಗಾದ್ರೆ ಕ್ಯಾಮೆರಾ?" ಎಂದ ರಿಪೇರಿಯವನು. ಅದರ ಪಟ್ಟಿ ಆಗಲೇ ಫೋಟೋಗ್ರಾಫರನ ಕೊರಳಲ್ಲಿತ್ತು. "ಇದಕ್ಕಾ ಸಾರ್ ನಾನು ಕೂತು ರಿಪೇರಿ ಮಾಡಿದ್ದು?"

ಹೆಂಡತಿ ಫೋನು ಕಿವಿಗಿಟ್ಟಳು. "ಬರಲ್ವಂತೆ ಕಣೋ. ಬೇರೆ ಯಾರನ್ನಾದ್ರೂ ಕೂರಿಸ್ಕೋ... ಯಾಕೆ ಅಂದ್ರೆ? ಅವರ ಮೊಣಕಾಲು, ಅವರಿಷ್ಟ." ಅಂಗೈಯಿಂದ ಫೋನು ಮುಚ್ಚಿ ಗಂಡನ ಕಡೆ ತಿರುಗಿದಳು. "ಎಲ್ಲಿ, ಎರಡನೇದು ಹೊಡೀಲೇ ಇಲ್ವಲ್ಲ?"

"ಹೊಡೆದೆ."

"ಯಾವಾಗ? ತೋರ್ಸಿ!"

"ನಾಳೆ," ಎಂದ ಅವನು, ಮೊಣಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕೂರುತ್ತ.